ಅರ್ಧ ಚಮಚದಲ್ಲಿ ಎರಡು ಲಕ್ಷ

ಮೆಕ್ಸಿಕೊದ ಪೆಸಿಫಿಕ್ ದಂಡೆಯಲ್ಲಿರುವ ಮಸಾಟ್ಲಾನ್ ಊರಿನಲ್ಲಿ ಯಾರನ್ನು ಮಾತಿಗೆಳೆದರೂ ಮೊದಲು ಬಾಯಿಗೆ ಬರುವುದು ಒಂದು ಅಂಕೆ: ಇಪ್ಪತ್ತೊಂದು. ಕಡಲಿಗೆ ಅಂಟಿಕೊಂಡೇ ಸಾಗುವ ಇಲ್ಲಿನ ಕಾಲುದಾರಿ, ಅಂದರೆ ಮಲೆಕೊನ್, ಸುಮಾರು 21 ಕಿಲೋಮೀಟರ್ ಉದ್ದವಿದೆ. ಚುರುಕಾಗಿ ಹೆಜ್ಜೆ ಹಾಕಿದರೂ ಒಂದು ತುದಿಯಿಂದ ಇನ್ನೊಂದಕ್ಕೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಬೇಕು. ಆಮೇಲೆ ಉಳಿದ ಅಂಕೆಗಳು ಒಂದೊಂದಾಗಿ ಬರುತ್ತವೆ. 1898ರಿಂದ ಸಂಘಟಿತವಾಗಿ ನಡೆದುಬಂದ ಕಾರ್ನಿವಲ್. 1900ರಲ್ಲಿ ಜರ್ಮನ್ ವಲಸಿಗರು ತೆರೆದ ಬಿಯರ್ ಕಾರ್ಖಾನೆ. 2020ರ ಜನಗಣತಿಯಲ್ಲಿ 4,41,975 ಜನ. ಊರಿನಿಂದ ಉತ್ತರಕ್ಕೆ 25 ಕಿಲೋಮೀಟರಿನಷ್ಟು ಹೋದರೆ ಕರ್ಕಾಟಕ ಸಂಕ್ರಾಂತಿ ವೃತ್ತವನ್ನೇ ದಾಟಿಬಿಡಬಹುದು. 2024ರ ಏಪ್ರಿಲ್ 8ರಂದು ಹಾಡಹಗಲು ಹನ್ನೊಂದರ ಹೊತ್ತಿಗೆ ಇಲ್ಲಿ ನಾಲ್ಕು ನಿಮಿಷಕ್ಕೂ ಮಿಕ್ಕಿ ಕತ್ತಲಾಯಿತು. ಆ ಖಗ್ರಾಸ ಗ್ರಹಣದ ನೆರಳು ಪೆಸಿಫಿಕ್ ದಾಟಿ ಅಮೆರಿಕ ಖಂಡದ ನೆಲವನ್ನು ಮುಟ್ಟಿದ್ದು ಈ ಊರಿನ ಬಳಿಯಲ್ಲೇ.

ಇವೆಲ್ಲ ಖುಷಿ ಕೊಡುವ ಅಂಕೆಗಳೇ. ಆದರೆ ಈ ಊರನ್ನು ನಿಜವಾಗಿ ಹೊತ್ತು ನಿಂತಿರುವ ಅಂಕೆ ಇವುಗಳಲ್ಲಿ ಯಾವುದೂ ಅಲ್ಲ. ಅದು 0.22 ಮಿಲಿಮೀಟರ್. ಒಂದು ಸಿಗಡಿ ಮೊಟ್ಟೆಯ ಅಡ್ಡಳತೆ.

ಅಲ್ಲಿಗೆ ಬರುವ ಮೊದಲು ಒಮ್ಮೆ ದೀಪಸ್ತಂಭದ ಗುಡ್ಡ ಹತ್ತಬೇಕು. ಕ್ರೆಸ್ಟೊನ್ ಎಂಬ ಈ ಗುಡ್ಡ ಒಂದು ಕಾಲದಲ್ಲಿ ದ್ವೀಪವಾಗಿತ್ತು. 1930ರ ದಶಕದಲ್ಲಿ ಕಲ್ಲು ತುಂಬಿ ಒಡ್ಡು ಕಟ್ಟಿ ಅದನ್ನು ಊರಿಗೆ ಸೇರಿಸಿದರು. ನೆತ್ತಿಯ ಮೇಲಿನ ದೀಪ 1879ರಿಂದ ಉರಿಯುತ್ತಿದೆ. ಸಮುದ್ರಮಟ್ಟದಿಂದ 157 ಮೀಟರ್ ಎತ್ತರ. ಇಷ್ಟು ಎತ್ತರದಿಂದ ದಿಗಂತ ಎಷ್ಟು ದೂರ ಎಂದು ಭೂಮಿಯ ದುಂಡಿನ ಲೆಕ್ಕ ಹಾಕಿದರೆ ಸುಮಾರು 45 ಕಿಲೋಮೀಟರ್ ಬರುತ್ತದೆ. ಕಣ್ಣ ಮುಂದಿನ ಅರ್ಧವೃತ್ತದಲ್ಲಿ ಮೂರು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ನೀರು. ಉತ್ತರಕ್ಕೆ ತಿರುಗಿದರೆ ಹಳೇ ಊರಿನ ಒಲಾಸ್ ಆಲ್ತಾಸ್ ದಂಡೆ, ಅದರಾಚೆ ‘ಬಂಗಾರದ ವಲಯ’ದ ಹೋಟೆಲುಗಳ ಸಾಲು, ಕಡಲಲ್ಲಿ ಹಕ್ಕಿಗಳದ್ದು, ಜಿಂಕೆಗಳದ್ದು, ಕಡಲಸಿಂಹಗಳದ್ದು ಎಂದು ಹೆಸರಿರುವ ಮೂರು ದ್ವೀಪಗಳು. ಬಂದರಿನ ಕಡೆಗೆ ತಿರುಗಿದರೆ ಇನ್ನೊಂದೇ ಊರು. ಸಾವಿರಾರು ಪ್ರವಾಸಿಗರನ್ನು ಹೊತ್ತ ವಿಹಾರ ಹಡಗು, ಕ್ಯಾಲಿಫೋರ್ನಿಯಾ ಕೊಲ್ಲಿಯಾಚೆಯ ಲಾ ಪಾಸ್‌ಗೆ ಹೊರಡುವ ದೋಣಿ, ಟ್ಯೂನಾ ಹಿಡಿಯುವ ದೊಡ್ಡ ಹಡಗುಗಳು, ಡಬ್ಬಿ ತುಂಬುವ ಕಾರ್ಖಾನೆ. ಅವೆಲ್ಲಕ್ಕೂ ಒಳಗಡೆ, ಬೊನ್‌ಫಿಲ್ ಕೈಗಾರಿಕಾ ಪ್ರದೇಶದ ದಕ್ಕೆಯಲ್ಲಿ, ಒಂದಕ್ಕೊಂದು ಒತ್ತಿ ನಿಂತ ಸಿಗಡಿ ಬೋಟುಗಳು. ಎರಡೂ ಬದಿಗೆ ಉದ್ದನೆಯ ತೋಳು ಚಾಚುವ ಆ ಬೋಟುಗಳು ದಕ್ಕೆಯಲ್ಲಿರುವಾಗ ತೋಳು ಮೇಲೆತ್ತಿಕೊಂಡೇ ನಿಲ್ಲುತ್ತವೆ. ದೂರಕ್ಕೆ ಕಾಣುವುದು ಬರೀ ಕಂಬಗಳ ಕಾಡು. ಮೆಕ್ಸಿಕೊದ ಅತಿ ದೊಡ್ಡ ಸಿಗಡಿ ಬೋಟುಗಳ ಪಡೆ ಇದು. ಐನೂರರ ಆಸುಪಾಸಿನಲ್ಲಿದೆ.

ಹಳೇ ಊರಿನ ಆಕಿಲೆಸ್ ಸೆರ್ದಾನ್ ಬೀದಿಯ ಒಂದು ಭಾಗ ಸಿಗಡಿ ಮಾರುವ ಹೆಂಗಸರದ್ದು. ಇವರನ್ನು ಚಂಗೇರಾಗಳು ಎನ್ನುತ್ತಾರೆ. ತಲೆಯ ಮೇಲೆ ದೊಡ್ಡ ಕೊಡೆ, ಮುಂದೆ ಸಾಲಾಗಿ ಪ್ಲಾಸ್ಟಿಕ್ ಟಬ್ಬುಗಳು, ಟಬ್ಬಿನ ತುಂಬ ಐಸು, ಐಸಿನ ಮೇಲೆ ಗಾತ್ರದ ಪ್ರಕಾರ ಬೇರ್ಪಡಿಸಿದ ಸಿಗಡಿ. ಒಂದು ಟಬ್ಬಿನಲ್ಲಿ ನೀಲಿ ಛಾಯೆಯದು, ಇನ್ನೊಂದರಲ್ಲಿ ಕಂದು, ಮತ್ತೊಂದರಲ್ಲಿ ಬಿಳಿ. ತಲೆ ಇರುವುದು, ತಲೆ ತೆಗೆದದ್ದು, ಸುಲಿದದ್ದು, ಒಣಗಿಸಿದ್ದು. ಒಬ್ಬಾಕೆ ನನ್ನೊಡನೆ ಮಾತಾಡುತ್ತಲೇ, ಕೈಯತ್ತ ನೋಡದೆಯೇ ಸಿಗಡಿ ಸುಲಿಯುತ್ತಿದ್ದರು. ಹೆಬ್ಬೆರಳು ಹೊಟ್ಟೆಯಡಿ ತೂರಿ ಒಮ್ಮೆ ತಿರುಗಿದರೆ ಸಿಪ್ಪೆ ಇಡಿಯಾಗಿ ಕಳಚಿ ಬರುತ್ತಿತ್ತು. ಒಂದು ಕಿಲೋ ತೂಕ ಮಾಡಿ ಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕುವುದು ಇಲ್ಲಿಯೂ ಇದೆ.

ಸಿಗಡಿ ವ್ಯಾಪಾರ ನಡೆಯುವುದೇ ಎಣಿಕೆಯ ಮೇಲೆ. ರಫ್ತಿನ ಪೆಟ್ಟಿಗೆಗಳ ಮೇಲೆ 16-20, 21-25 ಎಂದು ಬರೆದಿರುತ್ತದೆ. ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, ಎಷ್ಟು ಸಿಗಡಿ ತೂಗುತ್ತವೆ ಎಂಬ ಲೆಕ್ಕ ಅದು. ಅಂಕೆ ಸಣ್ಣದಾದಷ್ಟೂ ಸಿಗಡಿ ದೊಡ್ಡದು, ಬೆಲೆ ಹೆಚ್ಚು. ನಮ್ಮ ಕರಾವಳಿಯ ಸಿಗಡಿ ಕೃಷಿಕರೂ ‘ಮೂವತ್ತು ಕೌಂಟ್’, ‘ನಲವತ್ತು ಕೌಂಟ್’ ಎಂದೇ ಮಾತಾಡುತ್ತಾರೆ. ಅಲ್ಲಿ ಲೆಕ್ಕ ಕಿಲೋಗೆ, ಅಷ್ಟೇ ವ್ಯತ್ಯಾಸ.

ಈಗ ಮೊಟ್ಟೆಯ ವಿಷಯ. ಬಿಳಿ ಸಿಗಡಿಯ ಒಂದು ಹೆಣ್ಣು 30ರಿಂದ 45 ಗ್ರಾಮ್ ತೂಗುತ್ತದೆ. ಅದು ಒಂದು ಸಲಕ್ಕೆ ಬಿಡುವ ಮೊಟ್ಟೆ ಒಂದು ಲಕ್ಷದಿಂದ ಎರಡೂವರೆ ಲಕ್ಷ. ಎರಡು ಲಕ್ಷ ಎಂದು ಇಟ್ಟುಕೊಳ್ಳೋಣ. 0.22 ಮಿಲಿಮೀಟರಿನ ಎರಡು ಲಕ್ಷ ಗುಂಡುಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ 44 ಮೀಟರ್ ಉದ್ದದ ಸಾಲಾಗುತ್ತದೆ. ಆದರೆ ಅಷ್ಟನ್ನೂ ಒಟ್ಟುಮಾಡಿ ಚಹಾ ಚಮಚಕ್ಕೆ ಸುರಿದರೆ ಅರ್ಧ ಚಮಚವೂ ತುಂಬುವುದಿಲ್ಲ. ಅರ್ಧ ಚಮಚದೊಳಗೆ ಎರಡು ಲಕ್ಷ ಜೀವ.

ಈ ಮೊಟ್ಟೆಗಳು ಸುಮಾರು 16 ಗಂಟೆಯಲ್ಲಿ ಒಡೆಯುತ್ತವೆ. ಹೊರಬಂದ ಮರಿಗೆ ಮೊದಮೊದಲು ತಿನ್ನುವ ಕೆಲಸವಿಲ್ಲ; ಮೊಟ್ಟೆಯಿಂದ ತಂದ ಬುತ್ತಿಯಲ್ಲೇ ದಿನ ಕಳೆಯುತ್ತದೆ. ಬೆಳಕಿನತ್ತ ಈಜುತ್ತದೆ. ಆಮೇಲೆ ರೂಪ ಬದಲಿಸುತ್ತ, ತೇಲುವ ಪಾಚಿ ಕಣಗಳನ್ನೂ ಸೂಕ್ಷ್ಮಜೀವಿಗಳನ್ನೂ ತಿನ್ನುತ್ತ, ಭರತದ ಸೆಳೆತಕ್ಕೆ ಸಿಕ್ಕಿ ದಂಡೆಯ ಕಡೆ ಬರುತ್ತದೆ. ಅಳಿವೆ ಬಾಗಿಲನ್ನು ಹಾದು ಕಾಂಡ್ಲಾ ಗಿಡಗಳ ಹಿನ್ನೀರು ಸೇರಿ ಅಲ್ಲಿನ ಕೆಸರಿನಲ್ಲಿ ಬೆಳೆಯುತ್ತದೆ. ಬಲಿತ ಮೇಲೆ ಮತ್ತೆ ಕಡಲಿಗೆ. ಆರೇಳು ತಿಂಗಳಲ್ಲಿ ಹೆಣ್ಣು 28 ಗ್ರಾಮ್ ಮುಟ್ಟಿ ತಾನೇ ಮೊಟ್ಟೆ ಇಡುವ ಹದಕ್ಕೆ ಬರುತ್ತದೆ. ಮೊಟ್ಟೆಯ ತೂಕದೊಡನೆ ಹೋಲಿಸಿದರೆ ಇದು ಸುಮಾರು ಐವತ್ತು ಲಕ್ಷ ಪಟ್ಟು ಬೆಳವಣಿಗೆ, ಅದೂ ಒಂದು ವರ್ಷ ತುಂಬುವ ಮೊದಲೇ.

ಇನ್ನೊಂದು ಲೆಕ್ಕವಿದೆ. ಇದನ್ನು ನಾನು ಹಾಕಿ ನೋಡಿ, ಮತ್ತೆ ಹಾಕಿ ನೋಡಿ, ಸರಿಯಾಗಿದೆ ಎಂದು ಖಾತ್ರಿಯಾದ ಮೇಲೂ ನಂಬಲು ಹೊತ್ತು ಹಿಡಿಯಿತು. ಒಂದು ತಾಯಿಯ ಎರಡು ಲಕ್ಷ ಮೊಟ್ಟೆಗಳೂ ಬದುಕಿ, ಒಂದೊಂದೂ ಬರೀ 20 ಗ್ರಾಮ್ ತೂಗಿದರೆ ನಾಲ್ಕು ಟನ್ ಸಿಗಡಿಯಾಯಿತು. ಅವುಗಳಲ್ಲಿ ಅರ್ಧ ಹೆಣ್ಣು, ಪ್ರತಿ ಹೆಣ್ಣೂ ಒಂದೇ ಸಲ ಮೊಟ್ಟೆಯಿಟ್ಟು ಅವೂ ಎಲ್ಲ ಬದುಕಿದರೆ ಎರಡನೇ ತಲೆಮಾರಿಗೆ ನಾಲ್ಕು ಲಕ್ಷ ಟನ್. ಮೂರನೇ ತಲೆಮಾರಿಗೆ ನಾಲ್ಕು ಸಾವಿರ ಕೋಟಿ ಟನ್. ಇಡೀ ಜಗತ್ತು ಎಲ್ಲ ಕಡಲು, ನದಿ, ಕೆರೆಗಳಿಂದ ಒಂದು ವರ್ಷಕ್ಕೆ ಹಿಡಿಯುವ ಮೀನು ಸುಮಾರು ಒಂಬತ್ತು ಕೋಟಿ ಟನ್. ಅಂದರೆ ಒಂದು ಸಿಗಡಿಯ ಮರಿಮಕ್ಕಳು ಮನುಕುಲದ ನಾನ್ನೂರು ವರ್ಷಗಳ ಮೀನುಗಾರಿಕೆಯನ್ನೂ ಮೀರಿಸುತ್ತವೆ, ಎರಡು ವರ್ಷದ ಒಳಗೆ.

ಹಾಗಾಗುವುದಿಲ್ಲ. ಸಿಗಡಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರದೆ ಇಳಿಯದೆ ನಿಲ್ಲಬೇಕಾದರೆ ಎರಡು ಲಕ್ಷದಲ್ಲಿ ಬದುಕಿ ಉಳಿಯಬೇಕಾದದ್ದು ಎರಡು, ಒಂದು ಗಂಡು, ಒಂದು ಹೆಣ್ಣು. ಮಿಕ್ಕ 1,99,998 ಯಾರದೋ ಊಟ. ಸಿಗಡಿ ಮರಿ ತಿಂದು ಬೆಳೆದ ಸಣ್ಣ ಮೀನು, ಅದನ್ನು ನುಂಗಿದ ದೊಡ್ಡ ಮೀನು, ಅದರ ಮೇಲೆ ಎರಗುವ ಹಕ್ಕಿ, ಕಡಲಸಿಂಹ. ಮಸಾಟ್ಲಾನ್ ನಿಂತಿರುವುದು ಕ್ಯಾಲಿಫೋರ್ನಿಯಾ ಕೊಲ್ಲಿಯ ಬಾಯಲ್ಲಿ. ಈ ಕೊಲ್ಲಿಯ 244 ದ್ವೀಪ, ಕಿರುದ್ವೀಪ, ಕರಾವಳಿ ತಾಣಗಳನ್ನು ಯುನೆಸ್ಕೊ 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆಗ ಕೊಟ್ಟ ಲೆಕ್ಕದ ಪ್ರಕಾರ ಇಲ್ಲಿ 891 ಜಾತಿಯ ಮೀನುಗಳಿವೆ. ಅದರಲ್ಲಿ 90 ಬೇರೆಲ್ಲೂ ಇಲ್ಲ. ಜಗತ್ತಿನ ಕಡಲ ಸಸ್ತನಿಗಳಲ್ಲಿ ನೂರಕ್ಕೆ 39 ಜಾತಿ ಇಲ್ಲಿ ಸಿಗುತ್ತವೆ. ಆ ಅರ್ಧ ಚಮಚ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಈ ಪಟ್ಟಿಯೇ ಉತ್ತರ.

ಊರಿನ ದಕ್ಷಿಣಕ್ಕೆ ಹುಯಿಸಾಚೆ-ಕೈಮನೇರೊ ಎಂಬ ಜೋಡಿ ಹಿನ್ನೀರು ಸರೋವರಗಳಿವೆ. ಮಳೆಗಾಲದಲ್ಲಿ ತುಂಬಿ ಹರಡುತ್ತವೆ, ಬೇಸಿಗೆಯಲ್ಲಿ ಬಹುಪಾಲು ಬತ್ತುತ್ತವೆ. ಸಿಗಡಿ ಮರಿಗಳಿಗೆ ಇದು ತವರು. ಸ್ಪೇನಿನವರು ಬರುವುದಕ್ಕೂ ಮೊದಲಿನಿಂದ ಇಲ್ಲಿಯ ಜನ ಕಾಲುವೆಗಳಿಗೆ ಅಡ್ಡಲಾಗಿ ಗೂಟ ನೆಟ್ಟು ಹೆಣೆದ ತಡೆ ಕಟ್ಟಿ, ಕಡಲಿಗೆ ಮರಳುವ ಸಿಗಡಿಯನ್ನು ಅಲ್ಲೇ ನಿಲ್ಲಿಸಿ ಬೀಸುಬಲೆಯಲ್ಲಿ ಹಿಡಿಯುತ್ತಿದ್ದರು. ಈ ತಡೆಗಳಿಗೆ ತಾಪೊ ಎನ್ನುತ್ತಾರೆ, ಇಂದಿಗೂ ಇವೆ. ಇನ್ನೂ ದಕ್ಷಿಣಕ್ಕೆ, ನಯರಿತ್ ರಾಜ್ಯದವರೆಗೆ ಹಬ್ಬಿದ ಮರಿಸ್ಮಾಸ್ ನಾಸಿಯೊನಾಲೆಸ್ ಜೌಗು 1995ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದಾಗ ದಾಖಲಾದ ವಿಸ್ತಾರ ಎರಡು ಲಕ್ಷ ಹೆಕ್ಟೇರ್. ಕಾಂಡ್ಲಾ ಕಾಡು, ಉಪ್ಪುನೀರಿನ ಕೊಳ, ಕೆಸರು. ಪ್ರವಾಸಿಗರು ಇತ್ತ ಬರುವುದು ಕಡಿಮೆ. ಬಂದರೆ ಸೊಳ್ಳೆ ಕಚ್ಚುತ್ತದೆ ನಿಜ, ಆದರೆ ಹೋಟೆಲಿನ ತಟ್ಟೆಯಲ್ಲಿರುವುದು ಎಲ್ಲಿಂದ ಬಂತೆಂದು ತಿಳಿಯುವುದು ಇಲ್ಲಿಯೇ.

ಸೊಳ್ಳೆಯ ಮಾತು ಬಂದದ್ದರಿಂದ ಈ ಊರಿನ ಇನ್ನೊಂದು ಲೆಕ್ಕವನ್ನೂ ಹೇಳಬೇಕು. 1883ರ ಆಗಸ್ಟಿನಲ್ಲಿ ಆಂಹೆಲಾ ಪೆರಾಲ್ಟಾ ಎಂಬ ಗಾಯಕಿ ತನ್ನ ಒಪೆರಾ ತಂಡದೊಡನೆ ಹಡಗಿನಲ್ಲಿ ಮಸಾಟ್ಲಾನ್‌ಗೆ ಬಂದರು. ಹದಿನಾರರ ಹರೆಯದಲ್ಲೇ, 1862ರಲ್ಲಿ, ಮಿಲಾನಿನ ಲಾ ಸ್ಕಾಲಾದಲ್ಲಿ ಹಾಡಿದ್ದವರು. ‘ಮೆಕ್ಸಿಕೊದ ಕೋಗಿಲೆ’ ಎಂದು ಯುರೋಪಿನಲ್ಲೂ ಹೆಸರಾಗಿದ್ದವರು. ಊರಿಗೆ ಊರೇ ದಂಡೆಗೆ ಬಂದು ಸ್ವಾಗತಿಸಿತು. ಅದೇ ವೇಳೆಗೆ ಊರಲ್ಲಿ ಹಳದಿ ಜ್ವರ ಹಬ್ಬಿತು. ಆಗಸ್ಟ್ 30ರಂದು ಪೆರಾಲ್ಟಾ ತೀರಿಕೊಂಡರು, ವಯಸ್ಸು 38. ತಂಡದಲ್ಲಿದ್ದವರು 80 ಮಂದಿ. ಸತ್ತವರು 76. ಹವಾನಾದ ವೈದ್ಯ ಕಾರ್ಲೊಸ್ ಫಿನ್ಲೆ ಈ ಜ್ವರ ಸೊಳ್ಳೆಯಿಂದ ಹರಡುತ್ತದೆ ಎಂದು ಎರಡು ವರ್ಷ ಮೊದಲೇ, 1881ರಲ್ಲೇ, ಮಂಡಿಸಿದ್ದರು. ಆ ಮಾತನ್ನು ಜಗತ್ತು ಒಪ್ಪಿಕೊಂಡದ್ದು 1900ರ ನಂತರ. ಪೆರಾಲ್ಟಾ ಹೆಸರಿನ ರಂಗಮಂದಿರ ಹಳೇ ಊರಿನ ನಡುವೆ ಇದೆ. ಬಹುಕಾಲ ಛಾವಣಿ ಬಿದ್ದು ಒಳಗೆ ಮರ ಬೆಳೆದಿದ್ದ ಕಟ್ಟಡವನ್ನು ದುರಸ್ತಿ ಮಾಡಿ 1992ರಲ್ಲಿ ಮತ್ತೆ ತೆರೆದರು. ಅದರ ಮೆತ್ತನೆಯ ಕುರ್ಚಿಯಲ್ಲಿ ಕೂತು ವೇದಿಕೆಯತ್ತ ನೋಡುವಾಗ ನನ್ನ ತಲೆಯಲ್ಲಿ ಓಡುತ್ತಿದ್ದುದು ಆ ಉಳಿದ ನಾಲ್ವರ ಯೋಚನೆ. ಅವರು ಹೇಗೆ ಊರಿಗೆ ಮರಳಿದರು? ಯಾರಿಗೆ ಮೊದಲು ಸುದ್ದಿ ಹೇಳಿದರು?

ಮತ್ತೆ ಕಡಲಿಗೆ. ಸಿಗಡಿ ಬೋಟಿನಲ್ಲಿ ಆರೇಳು ಮಂದಿ. ಎರಡೂ ಬದಿಯ ತೋಳುಗಳಿಂದ ಒಂದೊಂದು ಬಲೆ ಇಳಿಬಿಟ್ಟು, ಮನುಷ್ಯ ನಡೆಯುವ ವೇಗದಲ್ಲಿ ಗಂಟೆಗಟ್ಟಲೆ ತಳ ಗೋರುತ್ತ ಹೋಗುತ್ತಾರೆ. ಎರಡು ಬಲೆಗಳ ಬಾಯಿ ಸೇರಿ 30 ಮೀಟರ್, ವೇಗ ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ಎಂದು ಇಟ್ಟುಕೊಂಡರೆ ಒಂದು ಬೋಟು ಒಂದು ಗಂಟೆಯಲ್ಲಿ ಗೋರುವ ಕಡಲತಳ 33 ಎಕರೆ. ಐನೂರು ಬೋಟುಗಳು ದಿನಕ್ಕೆ ಹತ್ತು ಗಂಟೆ ಎಳೆದರೆ 1,65,000 ಎಕರೆ, ಅಂದರೆ 670 ಚದರ ಕಿಲೋಮೀಟರಿನಷ್ಟು. ಒಂದೇ ದಿನದಲ್ಲಿ. ಮಾರನೆಯ ದಿನ ಮತ್ತೆ ಅಷ್ಟು. ಎಷ್ಟೋ ಕಡೆ ನಿನ್ನೆ ಗೋರಿದ ನೆಲವನ್ನೇ ಇವತ್ತೂ ಗೋರುತ್ತಾರೆ.

ಬಲೆ ಮೇಲೆ ಬಂದಾಗ ಡೆಕ್ಕಿನ ಮೇಲೆ ಬೀಳುವ ರಾಶಿಯಲ್ಲಿ ಸಿಗಡಿ ಸ್ವಲ್ಪವೇ. ಈ ಕೊಲ್ಲಿಯ ಬಗ್ಗೆ ಸಾಮಾನ್ಯವಾಗಿ ಕೊಡುವ ಲೆಕ್ಕ ಒಂದು ಕಿಲೋ ಸಿಗಡಿಗೆ ಸುಮಾರು ಹತ್ತು ಕಿಲೋ ಇತರೆ ಜೀವಿಗಳು. ಅಂಗೈ ಅಗಲದ ಮೀನುಮರಿ, ಏಡಿ, ನಕ್ಷತ್ರಮೀನು, ತೊರಕೆ, ಕಡಲಕುದುರೆ. ಮಂದಿ ಸುತ್ತ ಕೂತು ಸಿಗಡಿಯನ್ನು ಆರಿಸಿ ಉಳಿದದ್ದನ್ನು ನೀರಿಗೆ ತಳ್ಳುತ್ತಾರೆ. ಬಹಳಷ್ಟು ಆ ಹೊತ್ತಿಗೆ ಸತ್ತಿರುತ್ತವೆ. ನಮ್ಮ ಮಲ್ಪೆ, ಮಂಗಳೂರು ಬೋಟುಗಳ ಡೆಕ್ ಕಂಡವರಿಗೆ ಈ ರಾಶಿಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಸಿಗಡಿ ಎರಡು ಲಕ್ಷದಲ್ಲಿ ಎರಡನ್ನು ಉಳಿಸಿಕೊಂಡು ಬಾಳುವ ಜೀವಿ, ನಷ್ಟವನ್ನು ಆರು ತಿಂಗಳಲ್ಲಿ ತುಂಬಿಕೊಳ್ಳುತ್ತದೆ. ಅದರ ಜೊತೆ ಬಲೆಗೆ ಬಿದ್ದ ಎಲ್ಲಕ್ಕೂ ಆ ಶಕ್ತಿಯಿಲ್ಲ. ನನ್ನ ಮಟ್ಟಿಗೆ ಈ ಊರಿನ ಅತಿ ಗಂಭೀರ ಸಂಗತಿ ಇದು: ಒಂದೇ ಬಲೆಯೊಳಗೆ ಎರಡು ಬೇರೆ ಬೇರೆ ಗಣಿತಗಳು ಸಿಕ್ಕಿಬೀಳುತ್ತವೆ.

ಆಲಿವ್ ರಿಡ್ಲೆ ಕಡಲಾಮೆಯನ್ನೇ ನೋಡಿ. ಮಸಾಟ್ಲಾನಿನ ಹೋಟೆಲುಗಳ ಎದುರಿನ ಮರಳಿಗೇ ಅದು ಮೊಟ್ಟೆಯಿಡಲು ಬರುತ್ತದೆ. ನಮ್ಮ ಹೊನ್ನಾವರ, ಕುಂದಾಪುರದ ದಂಡೆಗಳಿಗೆ ಬರುವುದೂ ಇದೇ ಜಾತಿ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. ಸಾವಿರ ಮರಿಗಳಲ್ಲಿ ಒಂದು ದೊಡ್ಡದಾದೀತು ಎಂಬುದು ರೂಢಿಯ ಅಂದಾಜು. ದೊಡ್ಡದಾಗಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಅಂದರೆ ಬಲೆಯಲ್ಲಿ ಉಸಿರುಗಟ್ಟಿ ಸತ್ತ ಒಂದು ಆಮೆಯ ಜಾಗ ತುಂಬಲು ಹತ್ತು ಗೂಡುಗಳು ಸುಸೂತ್ರವಾಗಿ ಒಡೆದು, ಆಮೇಲೆ ಹತ್ತು ವರ್ಷ ಕಾಯಬೇಕು. ಆಮೆ ಗಾಳಿ ಉಸಿರಾಡುವ ಪ್ರಾಣಿ. ಗಂಟೆಗಟ್ಟಲೆ ಎಳೆಯುವ ಬಲೆಯಲ್ಲಿ ಅದು ಉಳಿಯದು. ಇದಕ್ಕೆಂದೇ ಬಲೆಯ ಕುತ್ತಿಗೆಗೆ ಓರೆಯಾಗಿ ಒಂದು ಕಂಬಿಚೌಕಟ್ಟು ಕಟ್ಟಿ, ಪಕ್ಕದಲ್ಲಿ ಬಲೆಗೆ ಕಿಂಡಿ ಬಿಡುತ್ತಾರೆ. ಕಂಬಿಗಳ ನಡುವೆ ಹತ್ತು ಸೆಂಟಿಮೀಟರ್ ಸಂದು. ಸಿಗಡಿ ಸಂದಿನಲ್ಲಿ ನುಸುಳಿ ಹಿಂದೆ ಹೋಗುತ್ತದೆ. ಆಮೆ ಕಂಬಿಗೆ ತಾಗಿ ಜಾರಿ ಕಿಂಡಿಯಿಂದ ಹೊರಬೀಳುತ್ತದೆ. ಸರಿಯಾಗಿ ಕಟ್ಟಿದರೆ ನೂರಕ್ಕೆ 97 ಆಮೆಗಳು ಪಾರಾಗುತ್ತವೆ ಎಂದು ಅಮೆರಿಕದ ಮೀನುಗಾರಿಕಾ ಇಲಾಖೆಯ ಲೆಕ್ಕ.

ಸರಿಯಾಗಿ ಕಟ್ಟುವುದೇ ಪ್ರಶ್ನೆ. ಮೆಕ್ಸಿಕೊದ ಬೋಟುಗಳು ಇದನ್ನು ಸರಿಯಾಗಿ ಬಳಸುತ್ತಿಲ್ಲ ಎಂದು 2021ರ ಏಪ್ರಿಲ್ ಕೊನೆಗೆ ಅಮೆರಿಕ ಅಲ್ಲಿನ ಕಡಲ ಸಿಗಡಿಯ ಆಮದನ್ನೇ ನಿಲ್ಲಿಸಿತು. ತಪಾಸಣೆ, ತರಬೇತಿ, ರಿಪೇರಿ ನಡೆದು ಅಕ್ಟೋಬರಿನಲ್ಲಿ ಬಾಗಿಲು ಮತ್ತೆ ತೆರೆಯಿತು. ಇದೇ ಕಾರಣಕ್ಕೆ ಭಾರತದ ಕಡಲ ಸಿಗಡಿಗೂ ಅಮೆರಿಕದ ಮಾರುಕಟ್ಟೆ ಮುಚ್ಚಿತು. ಹತ್ತು ಸೆಂಟಿಮೀಟರ್ ಸಂದಿನ ಒಂದು ಚೌಕಟ್ಟಿಗೆ ಎರಡು ದೇಶಗಳ ರಫ್ತಿನ ಬಾಗಿಲು ಮುಚ್ಚುವ ಬಲವಿದೆ.

ಇಂಥ ಸಾವಿನ ಅಂಕೆ ಇಳಿಯಲೂಬಹುದು ಎನ್ನುವುದಕ್ಕೆ ಇದೇ ಬಂದರಿನ ಟ್ಯೂನಾ ಹಡಗುಗಳು ಸಾಕ್ಷಿ. ಈ ಭಾಗದ ಪೆಸಿಫಿಕ್‌ನಲ್ಲಿ ಹಳದಿರೆಕ್ಕೆ ಟ್ಯೂನಾ ಡಾಲ್ಫಿನ್ ಹಿಂಡಿನ ಅಡಿಯಲ್ಲೇ ಈಜುತ್ತದೆ. ಹಾಗಾಗಿ ಹಡಗುಗಳು ಡಾಲ್ಫಿನ್ ಹಿಂಡನ್ನೇ ಹುಡುಕಿ, ಅದರ ಸುತ್ತ ಒಂದೂವರೆ ಕಿಲೋಮೀಟರಿಗೂ ಉದ್ದದ ಬಲೆಯನ್ನು ಗೋಡೆಯಂತೆ ಇಳಿಸಿ, ತಳ ಬಿಗಿದು ಎತ್ತುತ್ತಿದ್ದವು. 1986ರ ಒಂದೇ ವರ್ಷದಲ್ಲಿ ಪೂರ್ವ ಪೆಸಿಫಿಕ್‌ನಲ್ಲಿ ಹೀಗೆ ಸತ್ತ ಡಾಲ್ಫಿನ್ 1,30,000ಕ್ಕೂ ಹೆಚ್ಚು. 1990ರಲ್ಲಿ ಅಮೆರಿಕ ಮೆಕ್ಸಿಕೊದ ಟ್ಯೂನಾವನ್ನು ತಡೆಯಿತು. ಜಗಳ ಅಂತರರಾಷ್ಟ್ರೀಯ ವ್ಯಾಪಾರ ವೇದಿಕೆಗಳನ್ನು ಹತ್ತಿ ದಶಕಗಳ ಕಾಲ ಎಳೆಯಿತು. ಅದರ ನಡುವೆಯೇ ಹಡಗಿನವರು ಒಂದು ಕೌಶಲದಲ್ಲಿ ಪಳಗಿದರು: ತಳ ಬಿಗಿದ ಬಲೆಯನ್ನು ಪೂರ್ತಿ ಎತ್ತುವ ಮೊದಲು ಹಡಗನ್ನು ಹಿಂದಕ್ಕೆ ನಡೆಸಿದರೆ ಬಲೆಯ ಒಂದಂಚು ನೀರಿನಡಿ ಮುಳುಗುತ್ತದೆ, ಡಾಲ್ಫಿನ್ ಅದರ ಮೇಲಿಂದ ಹೊರಗೆ ಜಾರುತ್ತದೆ. ಸಾಲದ್ದಕ್ಕೆ ಕೆಲವರು ನೀರಿಗಿಳಿದು ಕೈಯಾರೆ ದಾಟಿಸುತ್ತಾರೆ. ದೊಡ್ಡ ಹಡಗು ಪ್ರತಿಯೊಂದರ ಮೇಲೂ ಒಬ್ಬ ವೀಕ್ಷಕ ಕೂತು ಎಣಿಸುತ್ತಾನೆ. ಈಗ ವರ್ಷಕ್ಕೆ ಸಾಯುವ ಡಾಲ್ಫಿನ್ ಸಾವಿರಕ್ಕಿಂತ ಕಡಿಮೆ. ಆದರೆ ಇದೇ ಕೊಲ್ಲಿಯ ಉತ್ತರದ ತುದಿಯಲ್ಲಿ ವಾಕೀಟಾ ಎಂಬ ಪುಟ್ಟ ಕಡಲಹಂದಿ 1997ರಲ್ಲಿ 567 ಇದ್ದದ್ದು ಬೀಡುಬಲೆಗೆ ಸಿಕ್ಕಿ ಸಿಕ್ಕಿ ಹತ್ತರ ಆಸುಪಾಸಿಗೆ ಬಂದು ನಿಂತಿದೆ. ಅಲ್ಲಿ ಎಣಿಸುವವರಿಗೆ ಕೊರತೆಯಿರಲಿಲ್ಲ. ಬಲೆ ತಡೆಯುವವರು ಸಾಲಲಿಲ್ಲ.

ಇನ್ನು ಊಟ. ಈ ಊರಿರುವ ಸಿನಲೋವ ರಾಜ್ಯದ ಅಗ್ವಾಚಿಲೆಯನ್ನು ಒಲೆಯ ಮೇಲೆ ಇಡುವುದೇ ಇಲ್ಲ. ಹಸಿ ಸಿಗಡಿಯನ್ನು ಸೀಳಿ, ನಿಂಬೆರಸ, ಉಪ್ಪು, ಅರೆದ ಮೆಣಸಿನಕಾಯಿ ಸುರಿದು, ಈರುಳ್ಳಿ ಸೌತೆಕಾಯಿ ಹರಡಿ ತಕ್ಷಣ ತಂದಿಡುತ್ತಾರೆ. ಹಳೇ ಕ್ರಮದಲ್ಲಿ ಹಾಕುವುದು ಚಿಲ್ಟೆಪಿನ್. ಬಟಾಣಿಗಿಂತ ಚಿಕ್ಕ, ದುಂಡನೆಯ ಕಾಡು ಮೆಣಸು. ಕೃಷಿಗೆ ಬಂದ ಬಹುಪಾಲು ಮೆಣಸಿನಕಾಯಿಗಳ ಮೂಲ ಇಂಥ ಕಾಡುಗಿಡವೇ. ಅದನ್ನು ಪಳಗಿಸಿದ್ದು ಮೆಕ್ಸಿಕೊದ ರೈತರು. ಪೋರ್ಚುಗೀಸರ ಹಡಗು ಹತ್ತಿ ಹದಿನಾರನೇ ಶತಮಾನದಲ್ಲಿ ಅದರ ವಂಶ ನಮ್ಮ ಪಡುಗರೆಗೆ ಬಂತು. ಬ್ಯಾಡಗಿ ಮೆಣಸಿನಕಾಯಿಯ ಹಿರಿಯಜ್ಜಿಯನ್ನು ನಾಲಿಗೆಯ ಮೇಲಿಟ್ಟುಕೊಂಡಾಗ ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಮಾತ್ರ ಎಂದು ಹೇಳಲಾರೆ.

ಆ ತಟ್ಟೆಯಲ್ಲಿದ್ದ ಸಿಗಡಿಗೂ ನಮಗೂ ಇನ್ನೂ ಹತ್ತಿರದ ನಂಟು. ನಾನು ಮೊಟ್ಟೆ ಲೆಕ್ಕ ಹೇಳಿದ ಬಿಳಿ ಸಿಗಡಿ ನಮ್ಮಲ್ಲಿ ವನ್ನಾಮಿ ಎಂದು ಹೆಸರಾದದ್ದೇ. ಮೆಕ್ಸಿಕೊದ ಸೊನೋರಾದಿಂದ ಪೆರುವಿನ ಉತ್ತರದವರೆಗಿನ ಈ ದಂಡೆ ಬಿಟ್ಟರೆ ಜಗತ್ತಿನ ಬೇರಾವ ಕಡಲಲ್ಲೂ ಅದು ಹುಟ್ಟಿದ್ದಲ್ಲ. ಭಾರತ ಅದರ ಸಾಕಣೆಗೆ ಅನುಮತಿ ಕೊಟ್ಟದ್ದು 2009ರಲ್ಲಿ. ರೋಗವಿಲ್ಲದ ತಾಯಿಸಿಗಡಿಗಳು ವಿಮಾನದಲ್ಲಿ ಚೆನ್ನೈಗೆ ಬಂದು, ಅಲ್ಲಿನ ಪ್ರತ್ಯೇಕ ತೊಟ್ಟಿಗಳಲ್ಲಿ ಪರೀಕ್ಷೆಯ ಅವಧಿ ಕಳೆದು, ಮರಿ ಕೇಂದ್ರಗಳಿಗೆ ಹೋಗುತ್ತವೆ. ಅವುಗಳ ಮರಿಗಳೇ ಆಂಧ್ರದ ಕೆರೆಗಳಿಗೂ ನಮ್ಮ ಕುಮಟಾ, ಅಂಕೋಲಾ, ಕುಂದಾಪುರದ ಕಡೆಯ ಕೆರೆಗಳಿಗೂ ಬರುವುದು. 2022-23ರಲ್ಲಿ ಭಾರತ ರಫ್ತು ಮಾಡಿದ ಹೆಪ್ಪುಗಟ್ಟಿಸಿದ ಸಿಗಡಿ 7,11,099 ಟನ್. ಅದರಲ್ಲಿ ಬಹುಪಾಲು ಈ ವನ್ನಾಮಿ. ಜಗತ್ತಿನಾದ್ಯಂತ 2020ರಲ್ಲಿ ಸಾಕಿ ಬೆಳೆಸಿದ ವನ್ನಾಮಿ 58 ಲಕ್ಷ ಟನ್. ಒಂದಕ್ಕೆ 20 ಗ್ರಾಮಿನಂತೆ ಎಣಿಸಿದರೆ 29,000 ಕೋಟಿ ಸಿಗಡಿ. ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ, ನಿನ್ನೆ ಹುಟ್ಟಿದ ಕೂಸಿಗೂ ಸೇರಿ, ಮೂವತ್ತಕ್ಕಿಂತ ಹೆಚ್ಚು. ಕುಮಟಾದಲ್ಲಿ ಸಂಜೆ ಆರೂವರೆಗೆ ಕೆರೆಗೆ ಮೇವು ಎರಚುವ ಹೊತ್ತಿಗೆ ಮಸಾಟ್ಲಾನಿನಲ್ಲಿ ಬೆಳಗಿನ ಆರು ಗಂಟೆ. ಅದೇ ಜಾತಿಯ ಸಿಗಡಿಯನ್ನು ಚಂಗೇರಾಗಳು ಐಸಿನ ಮೇಲೆ ಸುರಿಯುವ ಸಮಯ.

ಈ ಸಿಗಡಿ ಒಳನಾಡಿಗೆ ಸಾಗುವ ದಾರಿಗೂ ಅದರದೇ ಅಂಕೆಗಳಿವೆ. ಮಸಾಟ್ಲಾನಿನಿಂದ ಒಳನಾಡಿನ ದುರಾಂಗೊಗೆ ಹೋಗುವ ಹೆದ್ದಾರಿ 2013ರಲ್ಲಿ ಪೂರ್ತಿಯಾಯಿತು. 230 ಕಿಲೋಮೀಟರ್, 61 ಸುರಂಗ, 115 ಸೇತುವೆ. ಅದರಲ್ಲಿ ಬಾಲುವಾರ್ಟೆ ಸೇತುವೆ ನದಿಪಾತ್ರದಿಂದ ಸುಮಾರು 400 ಮೀಟರ್ ಮೇಲೆ ತೂಗುತ್ತದೆ. ನಮ್ಮ ಜೋಗದ 253 ಮೀಟರನ್ನು ಕೆಳಗಿಟ್ಟರೂ ಮೇಲೆ ಇನ್ನೂ ಬೇಕಾದಷ್ಟು ಜಾಗ ಉಳಿಯುತ್ತದೆ. ‘ದೆವ್ವದ ಬೆನ್ನೆಲುಬು’ ಎಂದು ಹೆಸರಾದ ಹಳೇ ದಾರಿಯಲ್ಲಿ ಇಡೀ ಹಗಲು ತಿರುವುಗಳಲ್ಲಿ ಸುತ್ತಬೇಕಿದ್ದ ಐಸು ತುಂಬಿದ ಲಾರಿಗಳು ಈಗ ಮೂರು ಗಂಟೆಯ ಒಳಗೆ ಬೆಟ್ಟ ದಾಟುತ್ತವೆ.

ಆದರೆ ಬೋಟುಗಳು ವರ್ಷವಿಡೀ ಕಡಲಿಗಿಳಿಯುವಂತಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಮೆಕ್ಸಿಕೊದಲ್ಲಿ ಸಿಗಡಿಗೆ ಕೊಡುವ ರಜೆ ಹೆಚ್ಚುಕಡಿಮೆ ಆರು ತಿಂಗಳು, ಮಾರ್ಚಿನಿಂದ ಸೆಪ್ಟೆಂಬರಿನವರೆಗೆ. ಮೊಟ್ಟೆಯಿಡುವ, ಮರಿಗಳು ಹಿನ್ನೀರು ಸೇರಿ ಬೆಳೆದು ಕಡಲಿಗೆ ಇಳಿಯುವ ಕಾಲವದು. ತೆರೆಯುವ ದಿನ ಮೊದಲೇ ಗೊತ್ತಾಗಿರುವುದಿಲ್ಲ. ದೇಶದ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಹಿನ್ನೀರಿನಲ್ಲೂ ಕಡಲಲ್ಲೂ ಬಲೆ ಹಾಕಿ, ಸಿಕ್ಕ ಸಿಗಡಿಗಳ ಉದ್ದ ಅಳೆದು, ಮೊಟ್ಟೆ ಬಲಿತಿದೆಯೇ ಎಂದು ಪರೀಕ್ಷಿಸಿ ವರದಿ ಕೊಡುತ್ತಾರೆ. ಅದನ್ನು ನೋಡಿ ಸರ್ಕಾರ ದಿನ ಪ್ರಕಟಿಸುತ್ತದೆ. ಒಂದು ವಾರ ತಡವಾದರೆ ಬೋಟಿನವರಿಗೆ ಸಾಲ ಹೆಚ್ಚು. ಒಂದು ವಾರ ಮುಂಚೆ ಬಿಟ್ಟರೆ ಬಲೆಗೆ ಬೀಳುವುದು ಎಳೆಯದು, ಕೌಂಟ್ ಜಾಸ್ತಿ, ಬೆಲೆ ಕಡಿಮೆ. ಕಾಯುವ ಈ ಆರು ತಿಂಗಳಲ್ಲಿ ಬೋಟಿನ ಮಂದಿ ಬಣ್ಣ ಬಳಿಯುತ್ತಾರೆ, ಬಲೆ ಹೆಣೆಯುತ್ತಾರೆ, ಬೇರೆ ಕೂಲಿಗೆ ಹೋಗುತ್ತಾರೆ.

ಮಸಾಟ್ಲಾನ್ ನೋಡಬೇಕೆನ್ನುವವರಿಗೆ ಹೋಟೆಲಿನವರು ಹೇಳುವುದು ಚಳಿಗಾಲ: ಹಿತವಾದ ಬಿಸಿಲು, ದಂಡೆಯಿಂದಲೇ ಕಾಣುವ ತಿಮಿಂಗಿಲಗಳು, ಆಮೇಲೆ ಕಾರ್ನಿವಲ್. ಅದೂ ಸರಿಯೇ. ನಾನು ಹೇಳುವುದಾದರೆ ಸೆಪ್ಟೆಂಬರ್ ಕೊನೆಗೆ ಹೋಗಿ. ಸೆಕೆ ಬೆವರಿಳಿಸುತ್ತದೆ, ಚಂಡಮಾರುತದ ಕಾಲವೂ ಹೌದು. ಆದರೆ ದಿನ ಪ್ರಕಟವಾದ ಕೂಡಲೇ ಬೊನ್‌ಫಿಲ್ ದಕ್ಕೆಗೆ ಹೋಗಿ ನಿಲ್ಲಿ. ಹೆಂಡತಿ ಮಕ್ಕಳು, ಅಜ್ಜ ಅಜ್ಜಿಯರು ಅನ್ನದ ಡಬ್ಬಿ, ಬಟ್ಟೆಯ ಗಂಟು ಹಿಡಿದು ಬಂದಿರುತ್ತಾರೆ. ಪಾದ್ರಿ ನೀರು ಚಿಮುಕಿಸುತ್ತಾರೆ. ಬೋಟುಗಳು ಒಂದರ ಹಿಂದೆ ಒಂದು ಹೊರಡುತ್ತವೆ. ಪ್ರತಿ ಬೋಟಿನ ಬಲೆಯ ಕುತ್ತಿಗೆಯಲ್ಲಿ ಆ ಕಂಬಿಚೌಕಟ್ಟು ಇದೆಯೇ ಎಂದು ಅಧಿಕಾರಿಗಳು ಹತ್ತಿ ನೋಡುತ್ತಾರೆ. ನೀವೂ ನೋಡಿ. ಪಕ್ಕದ ಕಿಂಡಿಯನ್ನು ಹಗ್ಗದಿಂದ ಹೊಲಿದು ಮುಚ್ಚಿಲ್ಲವಷ್ಟೇ ಎಂದು ಕೇಳಿ. ಅದನ್ನು ಕೇಳಿದ ಪ್ರವಾಸಿಗನಿಗೆ ಬೋಟಿನ ಮಂದಿ ಸಿಟ್ಟಾಗುವುದಿಲ್ಲ, ಬಲೆಯನ್ನು ಬಿಚ್ಚಿ ಹರಡಿ ತೋರಿಸುತ್ತಾರೆ.